ಯಾರ ಹೆಸರಲ್ಲಿ ಲೈನ್ ಕ್ಲಿಯರ್

ಶಿವಮೊಗ್ಗ-ಭದ್ರಾವತಿ ಕರೆಂಟ್ ಲೈನಿನಲ್ಲಿ ಕಂಬ ಹತ್ತುವುದು ನನ್ನ ಕೆಲಸ. ಹೋದ ವರ್ಷ ನಮ್ಮ ಗ್ಯಾಂಗಿಗೆ ಆಫ್ರಿಕಾದ ಹೆಂಗಸೊಬ್ಬರು ಟ್ರೈನಿಂಗಿಗೆ ಬಂದರು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲೇ ಕನ್ನಡವನ್ನೂ ಕಲಿತವರು. ಅವರ ದೇಶಕ್ಕೆ ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು, ಅಲ್ಲಿ ಅಣೆಕಟ್ಟು ಕಟ್ಟುತ್ತಿದ್ದರು. ಬಿಳಿಯರು ಹೊರಟ ಮೇಲೆ ಕರೆಂಟ್ ನಡೆಸಲು ಜನ ಬೇಕಿತ್ತು.

ನಮ್ಮ ಸಾಹೇಬರು ಅವರನ್ನು ತಿಂಗಳುಗಟ್ಟಲೆ ಕುರ್ಚಿಯಲ್ಲಿ ಕೂರಿಸಿದರು. ಒಂದು ಕೆಲಸವನ್ನೂ ತಾವೇ ನಡೆಸದೆ ಹೋದರೆ ತಮ್ಮ ದೇಶದಲ್ಲೂ ಕುರ್ಚಿಯೇ ಗತಿ ಎಂದು ಆ ಹೆಂಗಸು ಹಟ ಹಿಡಿದರು. ಕೊನೆಗೆ ಭದ್ರಾವತಿಯ ಅಕ್ಕಿ ಮಿಲ್ಲಿನ ಎದುರಿನ ಕಂಬದಲ್ಲಿ ತಂತಿ ಕೂರುವ ಒಡೆದ ಪಿಂಗಾಣಿ ಬದಲಿಸುವ ಕೆಲಸ ಸಿಕ್ಕಿತು.

ಕಂಬ ಹತ್ತುವ ಮೊದಲು ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟ್ ತೆಗೆಸಬೇಕು. ಅದೇ ಲೈನ್ ಕ್ಲಿಯರ್. ಯಾರ ಹೆಸರಲ್ಲಿ ತೆಗೆದುಕೊಂಡರೋ ಅವರೇ ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ಬೇರೆ ಯಾರು ಹೇಳಿದರೂ ಕರೆಂಟ್ ಬಿಡುವಂತಿಲ್ಲ. ಬಿಟ್ಟರೆ ಮೇಲಿದ್ದವನು ಸತ್ತ.

ಆ ಹೆಂಗಸು ಮಿಲ್ಲಿನಿಂದ ಫೋನ್ ಮಾಡಿದರು. ಸ್ಟೇಷನ್ನಿನ ಆಪರೇಟರ್ ಕೂಗಿದ್ದು ನಮಗೂ ಕೇಳಿಸಿತು. "ಹೆಂಗಸ್ರ ಹೆಸರಲ್ಲಿ ಕೊಡಲ್ಲ. ಮೇಸ್ತ್ರಿಗೆ ಕೊಡಿ ಫೋನು."

ನಮ್ಮ ಗ್ಯಾಂಗಿನ ಮೇಸ್ತ್ರಿ ಕೈ ಚಾಚಿದರು. ಆ ಹೆಂಗಸು ಫೋನ್ ಬಿಡಲಿಲ್ಲ.

"ಮೇಸ್ತ್ರಿ ಹೆಸರಾದ್ರೆ ಕೆಲಸ ಮೇಸ್ತ್ರಿದು. ನಂದಲ್ಲ."

"ಯಾರ ಹೆಸರಾದ್ರೇನಮ್ಮ, ಕರೆಂಟ್ ಹೋದ್ರೆ ಸಾಕಲ್ವಾ?" ಎಂದು ಮೇಸ್ತ್ರಿ ನನ್ನ ಕಡೆ ತಿರುಗಿದರು. "ಹತ್ತೋನು ನೀನು. ಹೇಳು ಮಾರಾಯ, ಯಾರ ಮಾತಿನ ಮೇಲೆ ಹತ್ತೀಯ?"

"ಅಮ್ಮೋರ ಮಾತಿನ ಮೇಲೆ. ನೀವು ಟೀ ಕುಡಿಯೋಕೆ ಹೋದ್ರೆ ಯಾವಾಗ ಬರ್ತೀರೋ."

ಗ್ಯಾಂಗಿನವರು ನಕ್ಕರು. "ಬಾಯಿ ಜಾಸ್ತಿ ಆಯ್ತು ನಿಂದು," ಎಂದ ಮೇಸ್ತ್ರಿ ಫೋನಿಗೆ ಬಗ್ಗಿ ಕೂಗಿದರು, "ಹತ್ತೋನೇ ಒಪ್ಪಿದಾನೆ, ಅವ್ರ ಹೆಸರೇ ಬರ್ಕೊಳ್ರೀ!"

ಅಮ್ಮೋರೇ ನಿಂತು, ತಪ್ಪಿ ಕರೆಂಟ್ ಬಂದರೂ ನೆಲಕ್ಕೆ ಇಳಿಯಲಿ ಎಂದು ಲೈನಿಗೆ ಅರ್ಥ್ ಚೈನ್ ಹಾಕಿಸಿ, ನೋಡಿ, ಆಮೇಲೆ ನನ್ನನ್ನು ಹತ್ತಿಸಿದರು. ಪಿಂಗಾಣಿ ಇನ್ನೂ ನನ್ನ ಕೈಯಲ್ಲಿತ್ತು, ಮಿಲ್ಲು ನಿಂತಿದ್ದರಿಂದ ಮಾಲೀಕರಿಗೆ ಅವಸರ. "ಎಷ್ಟೊತ್ತ್ರೀ ಇದು?" ಎಂದು ತಾವೇ ಸ್ಟೇಷನ್ನಿಗೆ ಫೋನ್ ಹಚ್ಚಿ, ಕೆಲಸ ಮುಗೀತು, ಕರೆಂಟ್ ಬಿಡಿ ಎಂದರಂತೆ. "ಆ ಅಮ್ಮೋರು ಹೇಳ್ಲಿ, ಬಿಡ್ತೀನಿ," ಎಂದು ಆಪರೇಟರ್ ಫೋನ್ ಇಟ್ಟನಂತೆ. ಇದು ನನಗೆ ಗೊತ್ತಾದದ್ದು ಇಳಿದ ಮೇಲೆ.

ಅಮ್ಮೋರು ಚೈನ್ ತೆಗೆಸಿದರು. ಎಲ್ಲರನ್ನೂ ಎದುರಿಗೆ ನಿಲ್ಲಿಸಿ, ಮೇಸ್ತ್ರಿಯನ್ನೂ ಸೇರಿಸಿ ತಲೆ ಎಣಿಸಿದರು. ಆಮೇಲೆ ಫೋನ್ ಮಾಡಿದರು. "ನಮ್ಮೋರು ಎಲ್ಲ ಇಳಿದ್ರು. ಬಿಡಿ."

ಮಿಲ್ಲು ಶುರುವಾಯಿತು.

ಮುಂದಿನ ಕೆಲಸದ ದಿನ ಮೇಸ್ತ್ರಿ ಫೋನ್ ಎತ್ತಿ ತಾವೇ ಅಮ್ಮೋರ ಕೈಗೆ ಕೊಟ್ಟರು.