ಬಂಗಾರಪೇಟೆಯ ಗೋಡೆಯ ಮೇಲೆ ನೀಲಿ ಕೋಟು

ಬೂದಿಕೋಟೆಯಲ್ಲಿ ಬೆಳಗಿನ ಬಸ್ಸು ಹತ್ತುವಾಗ ನಾನು ಇಸ್ತ್ರಿ ಸೀರೆಯ ಆಫೀಸಿನವಳು. ಬಂಗಾರಪೇಟೆಯಲ್ಲಿ ರೈಲು ಹೊರಟಮೇಲೆ ಚೀಲದಿಂದ ನೀಲಿ ಕೋಟು ತೆಗೆದು ಸೀರೆಯ ಮೇಲೆ ಹಾಕಿಕೊಂಡರೆ, ಬೆಂಗಳೂರಿನ ಆಫೀಸೊಂದರಲ್ಲಿ ನೆಲ ಒರೆಸುವವಳು. ನಮ್ಮ ಡಬ್ಬಿಯ ಎಷ್ಟೋ ಹೆಂಗಸರು ಹೀಗೇ. ವಾಪಸ್ ಬರುವಾಗ ಕೋಟು ಮತ್ತೆ ಚೀಲ ಸೇರುತ್ತದೆ. ನನ್ನ ಗಂಡನಿಗೆ ಇದು ಗೊತ್ತು. ಅತ್ತೆಗೆ ಗೊತ್ತಾದರೆ ಮಾರನೇ ದಿನದಿಂದ ನಾನು ಹೊಸಿಲು ದಾಟುವ ಹಾಗಿಲ್ಲ.

ಒಂದು ದಿನ ಊರೂರಿನ ಗೋಡೆಗಳ ಮೇಲೆ ದೊಡ್ಡ ಚಿತ್ರ ಬರೆಯುವ ಹುಡುಗಿಯೊಬ್ಬಳು ಡಬ್ಬಿಗೆ ಬಂದು ನಮ್ಮ ಫೋಟೋ ತೆಗೆದುಕೊಂಡಳು. ಯಾವ ಊರಿನ ಗೋಡೆಗೆ ಅಂತ ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಮುಖ ಚೆನ್ನಾಗಿ ಬರಲಿ, ಮೂಗುಬೊಟ್ಟು ಎದ್ದು ಕಾಣಲಿ ಅಂತಷ್ಟೇ ಗಂಟುಬಿದ್ದೆವು.

ಗೋಡೆ ಬಂಗಾರಪೇಟೆಯದೇ ಆಗಿತ್ತು, ಸ್ಟೇಷನ್ ರಸ್ತೆಯಲ್ಲಿ. ಮೂರು ಮಹಡಿ ಎತ್ತರಕ್ಕೆ ನಾನು, ನೀಲಿ ಕೋಟಿನಲ್ಲಿ, ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ಹಲ್ಲು ಬಿಟ್ಟು ನಗುತ್ತಿದ್ದೆ. ಕೆಳಗೆ ನಿಂತ ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ.

ಅದೇ ವಾರದ ಭಾನುವಾರ ಅತ್ತೆ ಬಳೆ ತರಲು ಪೇಟೆಗೆ ಹೊರಟರು. ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತಷ್ಟೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಗಡಿ ಬೋರ್ಡು, ಮೇಕೆ, ಮರ ಎಲ್ಲವನ್ನೂ ತೋರಿಸಿ, "ಈಗ ಎಲ್ಲಾ ಚೆಂದಾಗಿ ಕಾಣ್ತದೆ ಕಣೆ" ಅನ್ನುತ್ತಿದ್ದರು. ಇಳಿದಮೇಲೆ ನಾನು ಬೇರೆ ದಾರಿಯಲ್ಲಿ ಕರೆದೊಯ್ಯಲು ನೋಡಿದೆ, ಕೇಳಲಿಲ್ಲ.

ಗೋಡೆಯ ಮುಂದೆಯೇ ನಮ್ಮೂರ ಹೆಂಗಸೊಬ್ಬಳು ಸಿಕ್ಕಿದಳು. "ಅಲ್ನೋಡಕ್ಕ, ಅದು ನಿನ್ ಸೊಸೆ ಅಲ್ವಾ?"

ಅತ್ತೆ ತಲೆ ಎತ್ತಿ ನೋಡಿದರು. ಚಿತ್ರದಲ್ಲಿ ಎದ್ದು ಕಾಣುತ್ತಿದ್ದ ಮೂಗುಬೊಟ್ಟು ಅವರೇ ಮದುವೆಯಲ್ಲಿ ನನಗೆ ಇಟ್ಟದ್ದು. ಅವರ ಕೈ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು.

"ಏ, ತೆಗಿ ಅತ್ಲಾಗೆ. ನಮ್ ಸೊಸೆ ಆಫೀಸ್ನಾಗೆ ಕುಂತು ಕೆಲ್ಸ ಮಾಡೋಳು. ಕಸ ಗುಡ್ಸೋರು ನಮ್ ಮನ್ಯಾಗಿಲ್ಲ. ಯಾವಳೋ ಗತಿ ಇಲ್ದೋಳು ಅದು."

ನಾನು ಬಚಾವಾಗಿದ್ದೆ. ಬಸ್ಸಿನಲ್ಲಿ ದೇವರಲ್ಲಿ ಬೇಡಿಕೊಂಡದ್ದೂ ಇಷ್ಟನ್ನೇ. ಆದರೆ ಗತಿ ಇಲ್ಲದವಳು ಅಂದ ಮಾತಿಗೆ ಮೈಯೆಲ್ಲ ಉರಿಯಿತು. ಅವರ ಕಣ್ಣಿನ ಆಪರೇಷನ್ ಮಾಡಿಸಿದ್ದೂ ಆ ಗತಿ ಇಲ್ಲದವಳ ಸಂಬಳವೇ.

"ಅದು ನಾನೇ ಅಕ್ಕ," ಅಂದೆ ಆ ಹೆಂಗಸಿಗೆ.

ಅತ್ತೆ ನನ್ನ ಕೈ ಬಿಟ್ಟರು.