ಅಣ್ಣನ ಗಡಿಯಾರದ ಗೆರೆ

ಸಂಜೆ ಐದಕ್ಕೆ ಹತ್ತು ನಿಮಿಷವಿತ್ತು. ಕುಬಿಹಾಳದ ಊರಬಾಗಿಲು, ಅಗಸಿಯ ಮುಂದೆ ನೆರೆದವರೆಲ್ಲ ಕಾರಹುಣ್ಣಿಮೆಯ ಎತ್ತುಗಳನ್ನು ನೋಡುತ್ತಿದ್ದರು. ನಾನು ಅಣ್ಣನ ಎಡಗೈ ಮಣಿಕಟ್ಟನ್ನು ನೋಡುತ್ತಿದ್ದೆ. ಹೊತ್ತು ನನಗೆ ಇಷ್ಟು ಖಚಿತವಾಗಿ ನೆನಪಿರುವುದು ಅದಕ್ಕೇ.

ಆ ಗಡಿಯಾರ ಸ್ವಿಟ್ಜರ್ಲೆಂಡಿನದು. ಬಂಗಾರದ ಪಟ್ಟಿ, ನೀರಿನ ಹನಿಯಂತೆ ಉಬ್ಬಿದ ಗಾಜು. ನಮ್ಮವ್ವನ ತಮ್ಮ, ಯರಗುಪ್ಪಿಯ ಮಾಮಾ, ಹಡಗಿನ ಕೆಲಸದಲ್ಲಿದ್ದಾಗ ಕೊಂಡದ್ದು. ನಾನು ಧಾರವಾಡದಲ್ಲಿ ಓದುವಾಗ ಮಾಮಾ ಸಿಕ್ಕಾಗಲೆಲ್ಲ ಅದನ್ನು ಬಿಚ್ಚಿ ನನ್ನ ಕಿವಿಗೆ ಹಿಡಿದು, ಬಿ.ಎ. ಪಾಸಾದರೆ ಇದು ನಿನ್ನದು ಎನ್ನುತ್ತಿದ್ದ. ನಾನು ಪಾಸಾದೆ. ಆದರೆ ಅದೇ ವರ್ಷ ಮಾಮಾ ತನ್ನ ಮಗಳನ್ನು ಅಣ್ಣನಿಗೆ ಕೊಟ್ಟ, ಮದುವೆಯ ಹಂದರದಲ್ಲಿ ಗಡಿಯಾರವನ್ನೂ ಅವನ ಕೈಗೇ ಕಟ್ಟಿದ. ಕಟ್ಟುವಾಗ ಒಂದೇ ಮಾತು ಕೇಳಿದ: ಇನ್ನು ಸಂಸಾರಸ್ಥನಾದೆ, ಕರಿ ಹರಿಯುವಾಗ ಎತ್ತಿನ ಹಿಂದೆ ಓಡಬೇಡ. ಅಣ್ಣ ತಲೆಯಾಡಿಸಿದ.

ಅಣ್ಣ ಓದಿದ್ದು ಏಳನೆಯವರೆಗೆ. ಹೊತ್ತನ್ನು ಬೇವಿನ ಮರದ ನೆರಳಿನಲ್ಲಿ ನೋಡುತ್ತಿದ್ದ. ಆಮೇಲೆ ಕೈ ಎತ್ತಿ ನೋಡಿ, ಗಡಿಯಾರ ಸರಿಯಾಗಿ ನಡೆದಿದೆ ಎಂದು ಮೆಚ್ಚಿಕೊಳ್ಳುತ್ತಿದ್ದ. ಅದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಕರಿ ಎಂದರೆ ಅಗಸಿಗೆ ಅಡ್ಡಲಾಗಿ ಕಟ್ಟಿದ, ಬೇವಿನ ಸೊಪ್ಪು ಇಳಿಬಿಟ್ಟ ಹಗ್ಗ. ಎತ್ತುಗಳು ಓಡಿ ಬಂದು ಅದನ್ನು ಹರಿಯಬೇಕು. ಬಿಳಿ ಎತ್ತು ಮೊದಲು ಹರಿದರೆ ಬಿಳಿಜೋಳ ಚೆನ್ನಾಗಿ ಬರುತ್ತದೆಂಬ ನಂಬಿಕೆ. ನಮ್ಮದು ಬಿಳಿ ಎತ್ತು, ಊರಿಗೇ ಜೋರಿನದು. ಅಂಥ ಎತ್ತನ್ನು ಬೇರೆಯವರ ಕೈಗೆ ಕೊಡಲು ಅಣ್ಣನಿಗೆ ಮನಸ್ಸಾಗಲಿಲ್ಲ, ಮಾಮಾನ ಮಾತು ಮರೆತು ತಾನೇ ಹಿಡಿದು ಓಡಿದ. ಅಗಸಿ ಹತ್ತಿರ ಬಂದಾಗ ಎತ್ತಿನ ಹಗ್ಗ ಬಿಟ್ಟು ಪಕ್ಕಕ್ಕೆ ಸರಿಯುವುದು ರೂಢಿ. ಅಣ್ಣ ಬಿಟ್ಟ. ಆದರೆ ಹಗ್ಗದ ಗಂಟು ಗಡಿಯಾರದ ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು.

ಮೊದಲು ಕೈ ಹೋಯಿತು, ಅದರ ಹಿಂದೆ ಅವನು ಹೋದ. ಮಣಿಕಟ್ಟು ಅಗಸಿಯ ಕಲ್ಲಿಗೆ ಕರ್ರೆಂದು ಉಜ್ಜಿದ್ದು ನನಗೆ ಕೇಳಿಸಿತು. ಅಷ್ಟು ಹಲಗಿ ಬಡಿಯುವಾಗ ಅದು ಹೇಗೆ ಕೇಳಿಸೀತು ಎಂದು ಅಣ್ಣ ಇಂದಿಗೂ ವಾದಿಸುತ್ತಾನೆ. ಕೇಳಿಸಿತು. ಹಿಂದೆ ಬೇರೆ ಎತ್ತುಗಳು ನುಗ್ಗುತ್ತಿದ್ದವು. ಅಷ್ಟರಲ್ಲಿ ಪಟ್ಟಿಯ ಕೊಂಡಿ ಕಿತ್ತಿತು, ಅಣ್ಣ ಅಗಸಿಯ ಕಟ್ಟೆಯ ಬುಡಕ್ಕೆ ಉರುಳಿದ. ಅವನ ತಲೆ ಇದ್ದ ಜಾಗದಲ್ಲಿ ಒಂದು ಗೊರಸು ಊರಿ ಮುಂದೆ ಹೋಯಿತು. ಮಣ್ಣಿನಲ್ಲಿ ಮೂಡಿದ ಅದರ ಗುರುತು ನನ್ನ ಕಣ್ಣಿನಿಂದ ಹೋಗಿಲ್ಲ.

ಎತ್ತು ತಾನಾಗಿ ಮನೆಗೆ ಬಂತು. ಅದರ ಹಗ್ಗದಲ್ಲಿ ಗಡಿಯಾರ ತೂಗುತ್ತಿತ್ತು, ಇನ್ನೂ ನಡೆಯುತ್ತಿತ್ತು. ಅಣ್ಣ ಬದುಕಿದ್ದಾನೆಂದು ಗೊತ್ತಾದ ಮೇಲೆ ಜನರಿಗೆ ನಗೆ ಬಂತು. ಬಾಜು ಮನೆಯ ಕಾಕಾ ನನ್ನ ಬೆನ್ನು ತಟ್ಟಿದ.

"ಏನಲೇ ತಮ್ಮಾ, ಬಿ.ಎ. ಮಾಡಿದಾಂವಗ ಸಿಗಲಿಲ್ಲ, ಎತ್ತಿಗೆ ಸಿಕ್ತಲ್ಲೋ ಗಡಿಯಾರ."

ಹುಬ್ಬಳ್ಳಿಯಲ್ಲಿ ಅಣ್ಣನ ಕೈಗೆ ಪ್ಲಾಸ್ಟರ್ ಹಾಕಿದರು. ಊರಿಗೆ ಬಂದ ರಾತ್ರಿಯೇ ಅವನು ಗೊರಕೆ ಹೊಡೆದು ಮಲಗಿದ. ಸಾವಿನ ಬಾಯಿಗೆ ಹೋಗಿ ಬಂದವನು ಅವನು, ನಾನು ದೂರ ನಿಂತು ನೋಡಿದವನು. ಆದರೂ ಕಣ್ಣು ಮುಚ್ಚಿದರೆ ನನಗೆ ಗೊರಸು ಕಾಣುತ್ತಿತ್ತು. ಅವನಿಗೆ ಗಡಿಯಾರವೂ ಇತ್ತು, ನಿದ್ದೆಯೂ ಇತ್ತು. ಎರಡನೆಯದಕ್ಕೆ ನಾನು ಹೆಚ್ಚು ಉರಿದೆ.

ಅಣ್ಣನ ಚಿಂತೆ ಬೇರೆಯಾಗಿತ್ತು. ನಾಗರ ಪಂಚಮಿಗೆ ಮಾಮಾ ಮಗಳನ್ನು ತವರಿಗೆ ಕರೆಯಲು ಬರುವವನಿದ್ದ, ಅವನಿಗೆ ಇನ್ನೂ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅಷ್ಟರೊಳಗೆ ಪ್ಲಾಸ್ಟರ್ ತೆಗೆಯುತ್ತಿದ್ದರು, ಕೊಂಡಿಯನ್ನು ಪತ್ತಾರ ಬೆಸೆದುಕೊಟ್ಟಿದ್ದ. ಉಳಿದದ್ದು ಗಾಜು. ಮೈತುಂಬ ಗೀರು, ನಡುವೆ ಹತ್ತರಿಂದ ಐದರವರೆಗೆ ಆಳವಾದ ಒಂದು ಗೆರೆ. ಅದನ್ನು ನೋಡಿದರೆ ಮಾಮಾ ಕೇಳುತ್ತಾನೆ, ಕೇಳಿದರೆ ಮಾತು ಮುರಿದದ್ದು ತಿಳಿಯುತ್ತದೆ. ತನ್ನಪ್ಪ ಸಿಟ್ಟಾದರೆ ತನ್ನನ್ನು ಬೇಗ ತಿರುಗಿ ಕಳಿಸುವುದಿಲ್ಲ ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಹೆದರಿದ್ದಳು.

ಹುಬ್ಬಳ್ಳಿಯ ಗಡಿಯಾರದವನು ಇದರ ಗಾಜು ಇಲ್ಲಿ ಸಿಗುವುದಿಲ್ಲ, ಬೇರೆಯದು ಕೂಡಿಸಿದರೆ ಒಳಗೆ ಧೂಳು ಹೋಗುತ್ತದೆ ಎಂದ. ಹಾಗೆ ನೋಡಿದರೆ ಇದು ಗಾಜಲ್ಲ, ಗಟ್ಟಿ ಪ್ಲಾಸ್ಟಿಕ್ಕು, ತಿಕ್ಕಿದರೆ ಗೀರು ಹೋಗಬಹುದು, ಆದರೆ ಇಷ್ಟು ಬೆಲೆಯದನ್ನು ತಾನು ಮುಟ್ಟುವುದಿಲ್ಲ ಎಂದು ಕೈಚೆಲ್ಲಿದ. ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ಗಾಜಿನ ಮೇಲೆ ಉಗುರಾಡಿಸಿ ನೋಡಿದ. ಆಮೇಲೆ ನನ್ನ ಕಡೆ ಹೊರಳಿದ.

"ಅಲ್ಲಲೇ, ಅಂದ್ರ ಇದು ಕೋಡಿನಂಗ ಅಂದಂಗಾತು."

ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆಯುತ್ತಾರೆ. ಹೆರೆದ ಮೇಲೆ ಇಟ್ಟಂಗಿ ಪುಡಿಯಿಂದ ತಿಕ್ಕಿ, ಆಮೇಲೆ ಬೂದಿ, ಎಣ್ಣೆ ಹಚ್ಚಿ ಮುಖ ಕಾಣುವ ಹಾಗೆ ಹೊಳಪು ಬರಿಸುತ್ತಾರೆ. ಆ ಕೆಲಸದಲ್ಲಿ ಅಣ್ಣನದು ಊರಿಗೇ ಹೆಸರಾದ ಕೈ. ಗಡಿಯಾರಕ್ಕೂ ಅದನ್ನೇ ಮಾಡುತ್ತೇನೆಂದು ಕೂತ. ಒಂದು ಕೈ ಪ್ಲಾಸ್ಟರಿನಲ್ಲಿತ್ತು, ಹಾಗಾಗಿ ಹಿಡಿಯುವವನು ನಾನು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ರೂಢಿಯ ಪ್ರಕಾರ ಇಟ್ಟಂಗಿ ಪುಡಿಯಿಂದಲೇ ಶುರು ಮಾಡಿದ. ತುಸು ಹೊತ್ತಿನಲ್ಲಿ ಗಾಜೆಲ್ಲ ಪೊರೆ ಬಂದ ಕಣ್ಣಿನಂತೆ ಬೆಳ್ಳಗಾಯಿತು. ಮುಳ್ಳುಗಳೇ ಕಾಣಲಿಲ್ಲ.

ವೈನಿ ಬಂದು ನೋಡಿದಳು.

"ಭಾಳ ಛಲೋ ಆತು ಬಿಡ್ರಿ. ಮೊದಲ ನಮ್ಮಪ್ಪಗ ಗೆರಿ ಅಷ್ಟ ಕಾಣತಿತ್ತು."

ಅಳಬೇಕೋ ನಗಬೇಕೋ ತಿಳಿಯದೆ ಒಳಗೆ ಹೋದಳು. ಆ ಕ್ಷಣ ನನಗೆ ಆದದ್ದು ಹಿತವೇ. ಇನ್ನು ಇದು ಯಾರಿಗೂ ಬೇಡದ ವಸ್ತು ಎಂದುಕೊಂಡೆ.

ಅಣ್ಣ ಬಿಡಲಿಲ್ಲ. ಒಲೆಯ ಬೂದಿಯನ್ನು ಹಳೆಯ ಧೋತರದಲ್ಲಿ ಜರಡಿ ಹಿಡಿದು, ಕುಸುಬಿ ಎಣ್ಣೆಯ ಹನಿ ಬಿಟ್ಟು, ಗಡಿಯಾರವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ ಹೆಬ್ಬೆರಳಿನಿಂದ ದಿನವೂ ತಿಕ್ಕಿದ. ಬಿತ್ತಿಗೆಯ ಕಾಲ. ಅವನ ಬದಲು ನಾನೇ ಎರೆಹೊಲದಲ್ಲಿ ಕೂರಿಗೆಯ ಹಿಂದೆ ನಡೆದು ಬರುತ್ತಿದ್ದೆ. ಅದೇ ಎತ್ತಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ತುದಿಬೆರಳಲ್ಲಿ ಹಿಡಿಯುತ್ತಿದ್ದೆ. ಸಂಜೆ ಮನೆಗೆ ಬಂದರೆ ಅವನು ಕಟ್ಟೆಯ ಮೇಲೆ ಕೂತು ಹಾಯಾಗಿ ಗಡಿಯಾರ ತಿಕ್ಕುತ್ತಿರುತ್ತಿದ್ದ. ಒಂದು ದಿನ ಪೊರೆ ಹರಿದು ಮುಳ್ಳು ಕಂಡವು. ಪಂಚಮಿಯ ಹೊತ್ತಿಗೆ ಗಾಜು ತಿಳಿಯಾಯಿತು. ಆಳದ ಗೆರೆಯೊಂದು ಮಾತ್ರ ಉಳಿಯಿತು. ಇನ್ನೂ ತಿಕ್ಕಿದರೆ ಗಾಜೇ ತೂತು ಬಿದ್ದೀತು.

ಮಾಮಾ ಬಂದ ದಿನ ಅಣ್ಣ ತುಂಬುತೋಳಿನ ಅಂಗಿ ಹಾಕಿದ್ದ. ಉಂಡಿ ತಿಂದು ಚಹಾ ಕುಡಿದ ಮೇಲೆ ಮಾಮಾ ಗಂಟೆ ಎಷ್ಟಾಯಿತೆಂದು ಕೇಳಿದ. ಅಣ್ಣ ಅಂಗಳದ ನೆರಳು ನೋಡಿ ನಾಲ್ಕಾಯಿತು ಎಂದ. ಕೈಯಲ್ಲಿ ಗಡಿಯಾರವಿದ್ದೂ ನೆರಳು ನೋಡಿದವನ ಅಂಗಿಯ ತೋಳನ್ನು ಮಾಮಾ ತಾನೇ ಮೇಲಕ್ಕೆ ಸರಿಸಿದ. ಗೆರೆ ಕಂಡಿತು. ಅವನು ಗೆರೆಯನ್ನು ಮುಟ್ಟಲಿಲ್ಲ. ಪ್ಲಾಸ್ಟರಿನೊಳಗೆ ಸೊರಗಿ ಬಿಳಿಚಿದ್ದ ಮಣಿಕಟ್ಟನ್ನು ಹೊರಳಿಸಿ ನೋಡಿದ.

"ಕರಿ ಹರದೇನು?"

"ನಮ್ಮ ಎತ್ತ ಹರೀತ್ರಿ ಮಾಮಾ."

"ನೀ ಏನ ಮಾಡಿದಿ?"

"ನಾ ಅದರ ಜೋಡಿ ಹೋಗಿದ್ದೆ ಅಷ್ಟರಿ."

ಮಾಮಾ ಬಯ್ಯಲಿಲ್ಲ. ಗಡಿಯಾರ ಬಿಚ್ಚಿ ನನ್ನ ಕೈಯಲ್ಲಿಟ್ಟ.

"ತಗೋಲೇ. ಮೊದ್ಲ ನಿನಗಂತ ಅಂದಿದ್ದೆ. ಇವನ ಕೈಯಾಗಿದ್ರ ನನ್ನ ಮಗಳಿಗೆ ನಿದ್ದಿ ಹತ್ತಂಗಿಲ್ಲ."

ಅಣ್ಣ ಅಂಗಿಯ ತೋಳು ಕೆಳಗೆ ಇಳಿಸಿಕೊಂಡ. ವೈನಿಯನ್ನು ಕರೆದುಕೊಂಡು ಮಾಮಾ ಹೋದ.

ನಾನು ಅದನ್ನು ಕಟ್ಟಿಕೊಂಡು ಕುಂದಗೋಳಕ್ಕೂ ಹುಬ್ಬಳ್ಳಿಗೂ ಹೋದೆ. ಬಸ್ಸಿನಲ್ಲಿ ಸೀಟಿದ್ದರೂ ಕಂಬಿ ಹಿಡಿದು ನಿಂತೆ. ಆದರೆ ಕೈ ಎತ್ತಿದಾಗಲೆಲ್ಲ ನನಗೆ ಗೆರೆಯೇ ಮೊದಲು ಕಾಣುತ್ತಿತ್ತು. ಐದಕ್ಕೆ ಹತ್ತು ನಿಮಿಷವಿದ್ದಾಗ ಎರಡೂ ಮುಳ್ಳು ಸರಿಯಾಗಿ ಆ ಗೆರೆಯ ಕೆಳಗೆ ಬರುತ್ತಿದ್ದವು. ಆ ಹೊತ್ತಿಗೆ ನೋಡಬಾರದೆಂದುಕೊಂಡೇ ನೋಡುತ್ತಿದ್ದೆ. ಕರ್ರೆಂಬ ಸದ್ದು, ಆಮೇಲೆ ಗೊರಸು. ರಾತ್ರಿ ದಿಂಬಿನ ಕೆಳಗಿಟ್ಟರೆ ಟಿಕ್ ಟಿಕ್, ಪೆಟ್ಟಿಗೆಯಲ್ಲಿಟ್ಟರೂ ಟಿಕ್ ಟಿಕ್. ಆಚೆ ಪಡಸಾಲೆಯಲ್ಲಿ ಬರಿಗೈಯ ಅಣ್ಣನ ಗೊರಕೆ. ನನ್ನ ಕೈಯಲ್ಲಿದ್ದ ಗಡಿಯಾರವನ್ನು ಅವನು ಒಂದು ಸಲವಾದರೂ ಆಸೆಯಿಂದ ನೋಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ನೋಡಲಿಲ್ಲ.

ವೈನಿ ತವರಿನಿಂದ ತಿರುಗಿ ಬಂದ ದಿನ ಸಂಜೆ ದನದ ಕೊಟ್ಟಿಗೆಗೆ ಹೋಗಿ ಗಡಿಯಾರವನ್ನು ಅಣ್ಣನ ಮುಂದೆ ಹಿಡಿದೆ.

"ಯಾಕಲೇ, ಬ್ಯಾಸರಾತೇನು?"

"ನಿದ್ದಿ ಬರವಲ್ದು."

"ನಂಗ ಕಟಗೊಂಡ್ರೂ ಬರತೈತಿ, ಬಿಚ್ಚಿದ್ರೂ ಬರತೈತಿ," ಎಂದು ನಕ್ಕ.

ಅವನು ಕೈ ಚಾಚುವ ಮೊದಲೇ ಕೊಟ್ಟಿಗೆಯ ಬಾಗಿಲಿಗೆ ಬಂದಿದ್ದ ವೈನಿ ಅದನ್ನು ಇಸಿದುಕೊಂಡಳು. ಎತ್ತಿನ ಹಗ್ಗ ಮುಟ್ಟುವ ಮುಂಚೆ ಗಡಿಯಾರ ತನ್ನ ಕೈಗೆ ಬರಬೇಕು, ಕೈ ತೊಳೆದ ಮೇಲೆ ತಾನೇ ಕಟ್ಟುತ್ತೇನೆ, ತನ್ನಪ್ಪನಿಗೂ ಹಾಗೇ ಹೇಳಿ ಒಪ್ಪಿಸಿ ಬಂದಿದ್ದೇನೆ ಎಂದಳು. ಅಣ್ಣ ಕೈ ತೊಳೆದು ಬಂದ. ವೈನಿ ಕಟ್ಟಿದಳು.

ಅಂದು ರಾತ್ರಿ ಉಂಡು ಮಲಗಿದ ನನಗೆ ಎಚ್ಚರವಾದದ್ದು ಅಂಗಳದಲ್ಲಿ ಬಿಸಿಲು ಬಿದ್ದ ಮೇಲೆ. ಕಾರಹುಣ್ಣಿಮೆಯಾದ ಮೇಲೆ ಮೊದಲ ಸಲ ಒಂದೇ ನಿದ್ದೆ ಮಾಡಿದ್ದೆ. ಅವ್ವ ಎರಡು ಸಲ ಎಬ್ಬಿಸಲು ಬಂದು ಸುಮ್ಮನೆ ಹೋಗಿದ್ದಳಂತೆ. ಕಣ್ಣುಜ್ಜುತ್ತ ಹೊರಗೆ ಬಂದೆ. ಬೇವಿನ ಕೆಳಗೆ ಅಣ್ಣ ನೆರಳು ನೋಡಿ, ಆಮೇಲೆ ಕೈ ಎತ್ತಿ ಗಡಿಯಾರ ನೋಡಿ, ತಲೆಯಾಡಿಸುತ್ತಿದ್ದ. ಅಷ್ಟು ದೂರದಿಂದ ಗೆರೆ ಕಾಣಲಿಲ್ಲ, ಗಾಜು ಥಳಥಳ ಹೊಳೆಯಿತು. ಹೊಟ್ಟೆಯಲ್ಲಿ ಮತ್ತೆ ಮೆಣಸಿನಕಾಯಿ ಅರೆದಂತಾಯಿತು.