ಒಂದು ಎಲೆಗೆ ಒಂದೂವರೆ ನಿಮಿಷ

ಟಕ್.

ಪ್ಲಾಸ್ಟರಿನ ಮೇಲ್ದವಡೆ ಕೆಳದವಡೆಯ ಮೇಲೆ ಕೂತ ಸದ್ದು. ಪೌಡರಣ್ಣ ಅಚ್ಚನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಮುಚ್ಚಿದ. ಸದ್ದು ಒಂದೇ ಆಗಿ ಬಂದರೆ ಹಲ್ಲುಗಳೆಲ್ಲ ಒಟ್ಟಿಗೆ ಕೂತಿವೆ ಎಂದು ಅರ್ಥ. ಎರಡಾಗಿ ಒಡೆದರೆ ಯಾವುದೋ ಒಂದು ಹಲ್ಲು ಉಳಿದವಕ್ಕಿಂತ ಮುಂಚೆ ತಾಗುತ್ತಿದೆ. ಅದನ್ನು ಹುಡುಕಿ ಕೂದಲೆಳೆಯಷ್ಟು ಉಜ್ಜಬೇಕು. ಇಪ್ಪತ್ತೇಳು ವರ್ಷಗಳಿಂದ ಅವನು ಜನರಿಗೆ ಹಲ್ಲು ಕಟ್ಟುತ್ತಿದ್ದಾನೆ, ಆ ಜನರನ್ನು ಒಮ್ಮೆಯೂ ಕಂಡಿಲ್ಲ. ದವಾಖಾನೆಗಳಿಂದ ಅಚ್ಚು ಬರುತ್ತದೆ, ಮೇಣದಲ್ಲಿ ಹಲ್ಲು ಕೂರುತ್ತದೆ, ಮೇಣ ಕರಗಿ ಹೋದ ಜಾಗಕ್ಕೆ ಗುಲಾಬಿ ಬಣ್ಣದ ವಸಡು ಬರುತ್ತದೆ, ಹಲ್ಲಿನ ಸೆಟ್ಟು ಡಬ್ಬಿಯಲ್ಲಿ ಕೂತು ಹೊರಟುಹೋಗುತ್ತದೆ. ಹುಬ್ಬು, ತೋಳು, ಚಪ್ಪಲಿಯ ಮೇಲೆಲ್ಲ ಸದಾ ಬಿಳಿ ಪುಡಿ ಇರುವುದರಿಂದ ಅವನ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ.

ಅಂದು ಸೋಮವಾರ. ಊಟದ ಹೊತ್ತಿಗೆ ಪಾರ್ಸಲಮ್ಮ ಫೋನ್ ಹಿಡಿದು ಅವನ ಬೆಂಚಿನ ಹತ್ತಿರ ಬಂದಳು. ಸಿದ್ಧವಾದ ಸೆಟ್ಟುಗಳಿಗೆ ಚೀಟಿ ಅಂಟಿಸಿ ಕಳಿಸುವುದು ಅವಳ ಕೆಲಸ.

“ಪೌಡರಣ್ಣ, ನಿಮ್ಮ ಫೋನಿನ ಇಸ್ಪೀಟಾಟದಲ್ಲಿ ಹೊಸ ಮೇಜು ಬರ್ತಿದೆಯಂತೆ. ಮಿಂಚು ಮೇಜು. ಎಂಟು ಸೆಕೆಂಡಲ್ಲಿ ಎಲೆ ಹಾಕ್ಬೇಕು. ಹಾಕ್ಲಿಲ್ಲ ಅಂದ್ರೆ ನಿಮ್ಮ ಕೈಯಿಂದ ಅದೇ ಒಂದು ಎಲೆ ಕಿತ್ತು ಹಾಕಿಬಿಡುತ್ತೆ.”

“ಹಾಕ್ಕೊಳ್ಳಲಿ ತಾಯಿ. ನಾವು ಹಳೇ ಮೇಜಿನವರು.”

“ಅದಕ್ಕೇ ಹೇಳಿದ್ದು. ಹಳೇದು ಇರ್ಬೇಕಾ, ತೆಗೀಬೇಕಾ ಅಂತ ಆಡೋರನ್ನೇ ಕೇಳಿದ್ದಾರೆ. ಈ ಶುಕ್ರವಾರದ ತನಕ ಟೈಮು. ಜಾಸ್ತಿ ಜನ ಬೇಡ ಅಂದ್ರೆ ಮುಚ್ತಾರಂತೆ.”

ಬಾಯಿಗೆ ಹೋಗುತ್ತಿದ್ದ ತುತ್ತು ಅರ್ಧದಲ್ಲಿ ನಿಂತಿತು.

ಹಳೇ ಮೇಜಿನಲ್ಲಿ ಒಂದು ಎಲೆ ಇಳಿಸಲು ಒಂದೂವರೆ ನಿಮಿಷದವರೆಗೆ ಅವಕಾಶ. ಪೌಡರಣ್ಣನಿಗೆ ಅಷ್ಟು ಬೇಡ. ಅವನ ಅಕ್ಕನಿಗೆ ಬೇಕು. ಮೂವತ್ತು ವರ್ಷ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡಿದವಳು ಅಕ್ಕ. ವಕೀಲರ ಮಾತು ಮುಗಿಯುವ ಮೊದಲೇ ಅವಳ ಸಾಲು ಮುಗಿಯುತ್ತಿತ್ತು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಅವಳ ಮಡಿಲಲ್ಲಿ ಉಳಿಯಿತು. ಮಾತು ತಡವಾಗಿ ಬರುತ್ತದೆ. ನೋಡಲು ಬಂದವರು ಅವಳಿಗೆ ಕಿವಿ ಕೇಳದೇನೋ ಎಂಬಂತೆ ಕೂಗಿ ಮಾತಾಡುತ್ತಾರೆ, ಅವಳ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಾರೆ. ಅಂಥ ಹೊತ್ತಿನಲ್ಲಿ ಅಕ್ಕ ಕಿಟಕಿಯ ಕಡೆ ತಿರುಗಿ ಕೂರುವಳು.

ಮಧ್ಯಾಹ್ನ ಒಂದೂವರೆಗೆ ಮಾತ್ರ ಅವಳು ಬೇರೆಯೇ ಹೆಂಗಸು. ಎರಡು ಬೀದಿಯಾಚೆಯ ತನ್ನ ಮನೆಯಲ್ಲಿ ಅವಳು, ಇಲ್ಲಿ ಬೆಂಚಿನ ಮುಂದೆ ತಮ್ಮ, ಫೋನಿನೊಳಗೆ ಇಬ್ಬರೂ ಒಂದು ಜೋಡಿ. ಎದುರು ಜೋಡಿಗೆ ಕಾಣುವುದು ‘ಟೈಪಿಸ್ಟ್’ ಎಂಬ ಹೆಸರು ಮಾತ್ರ. ಯಾವ ಎಲೆ ಬಿತ್ತು, ಯಾವುದು ಯಾರ ಕೈಯಲ್ಲಿ ಅಡಗಿದೆ ಎಂಬುದೆಲ್ಲ ಅವಳ ತಲೆಯಲ್ಲಿ ಸ್ಪಷ್ಟ. ಎಡಗೈಯ ತೋರುಬೆರಳು ಮಾತ್ರ ನಡುಗುತ್ತ, ದಾರಿ ತಪ್ಪುತ್ತ, ಮತ್ತೆ ಹಿಂದಕ್ಕೆ ಬಂದು ಹೊರಡುತ್ತ ಆ ಎಲೆಯನ್ನು ಮುಟ್ಟಬೇಕು. ಅಕ್ಕ ಕಾಯಿಲೆಯವಳಲ್ಲದ ಜಾಗ ಅದೊಂದೇ ಉಳಿದಿತ್ತು.

ಪೌಡರಣ್ಣ ಅಂದೇ ಅಭಿಪ್ರಾಯಗಳ ಪುಟ ತೆರೆದ.

‘ಎಂಟು ಸೆಕೆಂಡೇ ಜಾಸ್ತಿ, ಐದು ಮಾಡಿ’ ಎಂದಿದ್ದ ಒಬ್ಬ. ‘ಹಳೇ ಮೇಜಲ್ಲಿ ಎದುರಿನವರು ಎಲೆ ಹಾಕೋ ಹೊತ್ತಿಗೆ ನನ್ನ ಗಡ್ಡ ಬೆಳೆದಿರುತ್ತೆ.’ ಅದರ ಕೆಳಗೆ ಯಾರೋ ಹೆಂಗಸು: ‘ನಾನು ಮಗುಗೆ ಉಣ್ಣಿಸ್ತಾ ಆಡೋಳು. ಎಂಟು ಸೆಕೆಂಡಲ್ಲಿ ಮಗು ಬಾಯಿ ಒರೆಸ್ಲಾ, ರಾಣಿ ಇಳಿಸ್ಲಾ?’ ಅವಳ ಪರ ಮೂರು ಜನ. ಗಡ್ಡದವನ ಪರ ಮುನ್ನೂರು. ಇನ್ನೂ ಕೆಳಗೆ ಇದು ಇತ್ತು: ‘ಟೈಪಿಸ್ಟ್ ಅನ್ನೋರ ಜೊತೆ ಆಡಿದ್ದೀರಾ? ಎದುರಿಗೆ ಕೂತ್ರೆ ಒಂದು ನಿದ್ದೆ ಆಗುತ್ತೆ. ಆದ್ರೆ ಹುಷಾರು, ಎದ್ದು ನೋಡಿದ್ರೆ ಸೋತಿರ್ತೀರಿ.’

ಕೊನೆಯ ಮಾತು ಅವನ ಕಣ್ಣಿಗೆ ಬೀಳಲೇ ಇಲ್ಲ. ನಿದ್ದೆ ಎಂಬುದೊಂದು ಮಾತ್ರ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಅಕ್ಕ ಇದನ್ನು ಓದಿದರೆ? ಮಂಗಳವಾರ ಊಟ ಬಿಟ್ಟು ಕೂತು ಬರೆದ: ‘ಟೈಪಿಸ್ಟ್ ನನ್ನ ಒಡಹುಟ್ಟಿದ ಅಕ್ಕ. ಲಕ್ವ ಹೊಡೆದು ಬಲಗೈ ಹೋಗಿದೆ. ಅವಳು ನಿದ್ದೆ ಮಾಡುತ್ತಿಲ್ಲ. ಬೆರಳು ಎಲೆಯ ತನಕ ಹೋಗಲು ಅಷ್ಟು ಹೊತ್ತು ಬೇಕು. ಆ ಒಂದೂವರೆ ನಿಮಿಷ ಕಿತ್ತುಕೊಳ್ಳಬೇಡಿ.’

ಅಕ್ಕನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಳು. ಅದು ಗೊತ್ತಿದ್ದೇ ಅವನು ಕೇಳಲಿಲ್ಲ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾವಿರ ಜನ ಅದನ್ನು ಮೆಚ್ಚಿದ್ದರು. ನಿದ್ದೆ ಎಂದವನು ಕ್ಷಮೆ ಕೇಳಿ, ಹಳೇ ಮೇಜು ಉಳಿಯಲಿ ಎಂದು ಬರೆದಿದ್ದ. ಗಡ್ಡದವನೂ ಮಾತು ಬದಲಿಸಿದ್ದ. ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿದ್ದವು. ಇವರೆಲ್ಲ ಓದಿದ್ದನ್ನು ಅಕ್ಕನೂ ಓದಿಬಿಟ್ಟರೆ ಎಂದು ಪೌಡರಣ್ಣನಿಗೆ ಆಗ ಹೊಳೆಯಿತು. ಸಂಜೆ ಸೀದಾ ಅಕ್ಕನ ಮನೆಗೆ ಹೋದ.

“ಅಕ್ಕಾ, ಆ ಅಭಿಪ್ರಾಯದ ಪುಟ ನೋಡಿದ್ಯಾ?”

“ಸೋಮವಾರ… ನೋಡಿದೆ.”

“ಇನ್ನು ನೋಡ್ಬೇಡ. ಬರೀ ಗಲೀಜು ಬರೀತಾರೆ.”

ಅಕ್ಕನ ಬಾಯಿಯ ಒಂದು ಬದಿ ಮೇಲೆದ್ದಿತು. ಅದು ಅವಳ ಈಗಿನ ನಗು. “ಒಬ್ಬ… ನಿದ್ದೆ ಬರುತ್ತೆ ಅಂದಿದ್ದಾನೆ. ಎದ್ರೆ… ಸೋತಿರ್ತೀರಿ ಅಂತ.”

“ಬೇಜಾರಾಯ್ತಾ?”

ಒಣಗಿದ ಬಟ್ಟೆ ಮಡಿಸುತ್ತಿದ್ದ ಭಾವ ಅಲ್ಲಿಂದಲೇ ಬಾಯಿ ಹಾಕಿದರು. “ಬೇಜಾರೆಲ್ಲಿ ಬಂತಯ್ಯ? ಅದನ್ನ ನನಗೆ ಮೂರು ಸಲ ಓದಿ ಹೇಳಿದ್ಳು. ಒಂದೊಂದು ಸಲಕ್ಕೂ ಐದು ನಿಮಿಷ. ಒಲೆ ಮೇಲಿನ ಹಾಲೆಲ್ಲ ಉಕ್ಕಿ ಹೋಯ್ತು.”

ಅಕ್ಕ ತಮ್ಮನನ್ನೇ ನೋಡುತ್ತಿದ್ದಳು. “ಎಷ್ಟು ವರ್ಷ ಆಯ್ತು ಪುಟ್ಟ… ನನ್ನನ್ನ ಯಾರಾದ್ರೂ… ಬೈದು.”

ಐವತ್ತೆರಡರ ಪುಟ್ಟ ನೆಲ ನೋಡಿದ. ಅಲ್ಲೇ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದ. ಮೆಟ್ಟಿಲಿಳಿಯುತ್ತ ಫೋನ್ ತೆಗೆದು ತಾನು ಬರೆದದ್ದನ್ನು ಅಳಿಸಲು ಬೆರಳು ಚಾಚಿದ. ಆದರೆ ಹಳೇ ಮೇಜು ಬೇಕು ಎನ್ನುವವರ ಸಂಖ್ಯೆ ಅಷ್ಟರಲ್ಲಿ ಮುಂದೆ ಹೋಗಿತ್ತು. ಈಗ ಅಳಿಸಿದರೆ ಮತ್ತೆ ಎಂಟು ಸೆಕೆಂಡ್. ಬೆರಳು ಹಿಂದಕ್ಕೆ ಬಂತು.

ಗುರುವಾರ ಅವರು ಆಡಿದ ನಾಲ್ಕು ಆಟವನ್ನೂ ಗೆದ್ದರು. ಒಂದು ಆಟದಲ್ಲಿ ಎದುರಿನವನ ಕೈಯಲ್ಲಿ ಇಸ್ಪೀಟಿನ ಎಕ್ಕ ಇದ್ದದ್ದು ಪೌಡರಣ್ಣನಿಗೇ ಗೊತ್ತಾಗುವಂತಿತ್ತು. ರಾಜನನ್ನು ಹೊಡೆಯಬಲ್ಲ ಆ ಎಲೆಯನ್ನು ಎದುರಿನವನು ಬೇಕೆಂದೇ ಬಚ್ಚಿಟ್ಟು ಮೂರನ್ನು ಇಳಿಸಿದ, ಅಕ್ಕನ ರಾಜ ಗೆದ್ದಿತು. ಅಕ್ಕ ಮುಂದಿನ ಎಲೆಗೆ ಪೂರ್ತಿ ಒಂದೂವರೆ ನಿಮಿಷ ತೆಗೆದುಕೊಂಡಳು. ಅಷ್ಟೂ ಹೊತ್ತು ಬೆರಳಿನದಲ್ಲ ಎಂದು ತಮ್ಮನಿಗೆ ಅನ್ನಿಸಿತು.

ಶುಕ್ರವಾರ ಎದುರಿನ ಜೋಡಿ ಆಟದ ನಡುವೆಯೇ ಬರೆಯಿತು: ‘ನಿಧಾನವಾಗಿ ಆಡಿ ಅಮ್ಮ. ನಮಗೇನೂ ಅವಸರವಿಲ್ಲ.’ ಹಿಂದೆಯೇ ಒಂದು ಗುಲಾಬಿ. ಗೆಲ್ಲುವ ಎಲೆ ಕೈಯಲ್ಲಿದ್ದರೂ ಟೈಪಿಸ್ಟ್ ಮೇಜು ಬಿಟ್ಟು ಎದ್ದುಹೋದಳು. ಪೌಡರಣ್ಣ ಫೋನ್ ಮಾಡಿದರೆ ಭಾವ ಎತ್ತಿಕೊಂಡರು. “ಫೋನ್ ಮಗುಚಿ ಇಟ್ಟು ಮಲಗಿದ್ದಾಳೆ ಕಣಯ್ಯ. ಏನು ನಿಮ್ಮಿಬ್ಬರ ಜಗಳ?”

“ಏನಿಲ್ಲ ಭಾವ.”

“ಏನಿಲ್ಲ ಅಂದ್ರೆ ಏನೋ ಇದೆ ಅಂತ. ಸರಿ, ಇಡು.”

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗುವ ತನಕ ಅಕ್ಕನಿಗೆ ಹೇಳಬೇಕಾದ ಒಂದೇ ಮಾತನ್ನು ಹತ್ತು ರೀತಿಯಲ್ಲಿ ಜೋಡಿಸಿ ನೋಡಿದ. ಹೇಗೆ ಜೋಡಿಸಿದರೂ ಅದು ‘ನಿನ್ನ ಒಳ್ಳೆಯದಕ್ಕೇ’ ಎಂದು ಮುಗಿಯುತ್ತಿತ್ತು. ನೋಡಲು ಬಂದವರೂ ಅದನ್ನೇ ಹೇಳುತ್ತಿದ್ದರು.

ಶನಿವಾರ ಹನ್ನೊಂದು ಗಂಟೆ. ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಾಗ ಫೋನ್ ಮಿಣುಕಿತು. ಕೈ ಮೊಣಕೈವರೆಗೂ ಬೆಳ್ಳಗಾಗಿತ್ತು. ಪಾರ್ಸಲಮ್ಮನೇ ಎತ್ತಿ ಓದಿದಳು. ಆಟದ ಕಂಪನಿಯ ಪತ್ರ.

“ಅಣ್ಣಾ, ಹಳೇ ಮೇಜು ಉಳಿಸ್ತಾರಂತೆ. ಹೆಸರು ಮಾತ್ರ ಬದಲು. ಟೈಪಿಸ್ಟ್ ಮೇಜು ಅಂತ ಇಡ್ತಾರಂತೆ, ನೋಡಿ. ಮೊದಲನೇ ದಿನ ಎಲ್ಲರ ಫೋನಲ್ಲೂ ಅಕ್ಕನ ಕತೆ ಬರುತ್ತಂತೆ. ಒಂದು ಫೋಟೋ ಕಳಿಸ್ಬೇಕು. ಸಂಜೆ ಐದರೊಳಗೆ ನೀವು ಒಪ್ಪಿಗೆ ಅಂದ್ರೆ ಸಾಕು.”

“ಒಪ್ಪಿಗೆ ಕೊಡದೇ ಇದ್ರೆ?”

“ಅದೇನೂ ಬರೆದಿಲ್ಲ. ಯಾಕೆ ಕೊಡಲ್ಲ? ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ನಾನು. ಮುಖ ಯಾಕೆ ಹೀಗೆ ಮಾಡ್ಕೊಂಡಿದ್ದೀರಿ? ಯಾರೋ ನಿಮ್ಮ ಹಲ್ಲೇ ಕಿತ್ತ ಹಾಗೆ.”

ಅವಳ ಕೈಯಲ್ಲಿದ್ದ ಫೋನ್ ಮತ್ತೆ ಮಿಣುಕಿತು. ಅಕ್ಕನ ಹೆಸರು ಕಂಡು ಪೌಡರಣ್ಣ ಬಟ್ಟಲು ಕೆಳಗಿಟ್ಟು, ಪ್ಲಾಸ್ಟರ್ ಮೆತ್ತಿದ ಬೆರಳುಗಳಲ್ಲೇ ಅದನ್ನು ಕಸಿದುಕೊಂಡ.

‘ನಿಜ ಹೇಳು ಪುಟ್ಟ. ಇವರೆಲ್ಲ ಯಾಕೆ ನನಗೆ ಸೋಲ್ತಿದ್ದಾರೆ?’

ಒಂದೂ ಅಕ್ಷರ ತಪ್ಪಿರಲಿಲ್ಲ. ಆ ಎರಡು ಸಾಲಿಗೆ ಅವಳಿಗೆ ಹತ್ತು ನಿಮಿಷವಾದರೂ ಹಿಡಿದಿರಬೇಕು. ಉತ್ತರ ಬರೆಯಲು ಹೋದ, ಗಾಜಿನ ಮೇಲೆ ಬಿಳಿ ಗೀಟು ಮೂಡಿತು. ಫೋನನ್ನು ಜೇಬಿಗೆ ಹಾಕಿಕೊಂಡ.

“ಅವಳನ್ನ ಕೇಳ್ಬೇಕು ತಾಯಿ.”

“ಇದರಲ್ಲಿ ಕೇಳೋದೇನಿದೆ ಅಣ್ಣ? ಖುಷಿಪಡ್ತಾರೆ ಬಿಡಿ. ಮನೇಲಿ ಕೂತೋರಿಗೆ ಇಷ್ಟು ಹೆಸರು ಬರುತ್ತೆ ಅಂದ್ರೆ ಯಾರು ಬೇಡ ಅಂತಾರೆ? ಫೋಟೋ ಬೇಕಾದ್ರೆ ನಾನೇ ಬಂದು ತೆಗೀತೀನಿ. ಒಂದು ಒಳ್ಳೇ ಸೀರೆ ಉಡಿಸೋಕೆ ಹೇಳಿ. ಆ ಕೈ ಮಾತ್ರ ಕಾಣೋ ಹಾಗೆ ಕೂರಿಸಿದ್ರೆ ನೋಡಿದೋರಿಗೆ ಅಯ್ಯೋ ಅನ್ನಿಸಿ—”

ಪೌಡರಣ್ಣ ಆಗಲೇ ಬಾಗಿಲು ದಾಟಿ, ಅಕ್ಕನ ಮನೆಗೆಂದು ಎರಡೆರಡು ಮೆಟ್ಟಿಲು ಇಳಿಯುತ್ತಿದ್ದ.